ಸಂಘದ ಸಮಿತಿಯ ಮುಂದೆ ಹೊಸ ಯೋಜನೆ ಮಂಡಿಸುವ ಬಗೆ

ಮುಂಬಯಿಯ ಕನ್ನಡ ಸಂಘದಲ್ಲಿ ಮಕ್ಕಳಿಗೆ ಮೊಬೈಲಿನ ಮೂಲಕ ಕನ್ನಡ ಕಲಿಸುವಂಥ ಯೋಜನೆಯನ್ನು ಮಂಡಿಸುವವರು ತಂತ್ರಜ್ಞಾನದ ವರ್ಣನೆಯಿಂದಲ್ಲ, ಊರಿನಿಂದ ಅಜ್ಜಿಯ ಫೋನ್ ಬಂದಾಗ ಕನ್ನಡ ಬಾರದೆ ಹಿಂದಿಯಲ್ಲಿ ತಡವರಿಸುವ ಡೊಂಬಿವಲಿಯ ಮೊಮ್ಮಗಳಿಂದ ಮಾತು ಆರಂಭಿಸಬೇಕು. ಹಿರಿಯರು 'ಇದೆಲ್ಲ ನಮ್ಮಲ್ಲಿ ನಡೆಯದು' ಎಂದರೆ ವಾದಕ್ಕಿಳಿಯಬಾರದು. ಹಗಲಿಡೀ ಹೊಟೇಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಇದೇ ನಗರದಲ್ಲಿ ಕನ್ನಡ ರಾತ್ರಿಶಾಲೆಗಳು ಹುಟ್ಟಿದ್ದನ್ನು, ಆ ಕಾಲಕ್ಕೆ ಅದೂ ಹೊಸತೇ ಆಗಿದ್ದುದನ್ನು ನೆನಪಿಸಿದರೆ ಸಾಕು. ಸಭೆಗೆ ಮೊದಲೇ ಖಜಾಂಚಿಯವರನ್ನು ಪ್ರತ್ಯೇಕವಾಗಿ ಕಂಡು ಅವರ ಆಕ್ಷೇಪಗಳನ್ನು ಕೇಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಸಭೆಯಲ್ಲೇ ಮೊದಲ ಬಾರಿಗೆ ಕಿವಿಗೆ ಬಿದ್ದ ಖರ್ಚಿಗೆ ಒಪ್ಪಿಗೆಯಿತ್ತ ಖಜಾಂಚಿಯನ್ನು ನಾನಂತೂ ಕಂಡಿಲ್ಲ. ಇಡೀ ವರ್ಷದ ಹಣದ ಬದಲು 10 ಮಕ್ಕಳು, 8 ಭಾನುವಾರಗಳ ಪ್ರಯೋಗಕ್ಕೆ ಮಾತ್ರ ಅನುಮತಿ ಕೇಳಬೇಕು. ಖರ್ಚಿನ ಪಟ್ಟಿ ಒಂದೇ ಪುಟದಲ್ಲಿರಲಿ.