ಅಸರ್ ನಮಾಜ್: ನೆರಳು ನೋಡಿ ಹೊತ್ತು ತಿಳಿಯಿರಿ

ಅಸರ್, ಅಂದರೆ ಮಧ್ಯಾಹ್ನ ಇಳಿದ ಮೇಲಿನ ನಮಾಜಿನ ಟೈಮ್ ಮೊಬೈಲಿನಲ್ಲಿ ಬರುತ್ತದೆ, ನಿಜ. ಆದರೂ ನೆರಳಿನ ಲೆಕ್ಕ ಗೊತ್ತಿರಲಿ. ವಿಜಯಪುರದಲ್ಲಿ ಬಿಸಿಲಿಗೇನು ಬರ ಇಲ್ಲ ಅಲ್ವಾ, ಅಂಗಳದಲ್ಲಿ ಒಂದು ಕೋಲು ನೆಟ್ಟು, ಹೊತ್ತು ನೆತ್ತಿಗೆ ಬಂದಾಗ ಅದರ ನೆರಳಿನ ತುದಿಗೆ ಗೆರೆ ಎಳೆಯಿರಿ. ಅಷ್ಟು ನೆರಳು ಬಿಟ್ಟು, ಕೋಲಿನ ಎರಡು ಪಟ್ಟು ಬೆಳೆದಾಗ ಹನಫಿ ಪಂಥದವರಿಗೆ, ಅಂದರೆ ನಮಗೆ, ಅಸರ್ ಶುರು. ಶಾಫಿ ಪಂಥದವರಿಗೆ ಒಂದು ಪಟ್ಟು ಸಾಕು, ಅದಕ್ಕೇ ಭಟ್ಕಳದ ಕಡೆಯವರು ನಮಗಿಂತ ಮೊದಲೇ ಮುಗಿಸಿರುತ್ತಾರೆ. ಸೂರ್ಯ ಮುಳುಗುವವರೆಗೆ ಹೊತ್ತಿದೆ, ಆದರೆ ಬಿಸಿಲು ಹಳದಿಯಾಗುವವರೆಗೆ ಸುಮ್ನೆ ಮುಂದೂಡಬೇಡಿ.

ವುಜು (ಕೈಕಾಲು, ಮುಖ ತೊಳೆದು ಶುದ್ಧಿ) ಮಾಡಿ ಕಿಬ್ಲಾ ಕಡೆ, ಅಂದರೆ ಮೆಕ್ಕಾದ ಕಾಬಾ ಇರುವ ದಿಕ್ಕಿಗೆ, ನಮ್ಮಲ್ಲಿ ಪಶ್ಚಿಮಕ್ಕೆ, ನಿಲ್ಲಿ. ಫರ್ಜ್, ಅಂದರೆ ಕಡ್ಡಾಯದ್ದು, 4 ರಕಾತ್ (ನಮಾಜಿನ ಸುತ್ತು). ಪ್ರತಿ ರಕಾತಿಗೆ ಒಂದು ರುಕೂ (ಬಾಗುವುದು), ಎರಡು ಸಜ್ದಾ (ಹಣೆ ನೆಲಕ್ಕೆ ಇಡುವುದು). ಮೊದಲ ಎರಡರಲ್ಲಿ ಕುರಾನಿನ ಮೊದಲ ಅಧ್ಯಾಯ ಫಾತಿಹಾ ಜೊತೆ ಇನ್ನೊಂದು ಸೂರಾ (ಅಧ್ಯಾಯ), ಉಳಿದೆರಡರಲ್ಲಿ ಫಾತಿಹಾ ಮಾತ್ರ. ಎಲ್ಲವನ್ನೂ ಮೆಲ್ಲಗೆ ಓದಿ. ತುಟಿ ಅಲುಗಬೇಕು, ಜೋರು ದನಿ ಬೇಡ.

ಎರಡನೇ ರಕಾತ್ ಆದ ಮೇಲೆ ಕೂತು ಅತ್ತಹಿಯ್ಯಾತ್ (ಕೂತು ಓದುವ ಪ್ರಾರ್ಥನೆ) ಓದಿಯೇ ಏಳಬೇಕು. ಜನ ಜಾಸ್ತಿ ಮರೆಯುವುದು ಇಲ್ಲೇ, ನಾನೂ ಮರೆತಿದ್ದೇನೆ. ಪೂರ್ತಿ ಎದ್ದುಬಿಟ್ಟಿದ್ದರೆ ವಾಪಸ್ ಕೂರಬೇಡಿ, ಕೊನೆಗೆ ಸಹ್ವಿನ, ಅಂದರೆ ಮರೆವಿಗಾಗಿ ಮಾಡುವ, ಎರಡು ಸಜ್ದಾ ಮಾಡಿದರಾಯಿತು. ನಾಲ್ಕನೆಯದರಲ್ಲಿ ಅತ್ತಹಿಯ್ಯಾತ್, ದರೂದ್ (ಪ್ರವಾದಿಯವರಿಗಾಗಿ ಪ್ರಾರ್ಥನೆ) ಓದಿ ಬಲಕ್ಕೆ, ಎಡಕ್ಕೆ ಸಲಾಮ್. ಆಮೇಲೆ ಮಗ್ರಿಬ್‌ವರೆಗೆ (ಸೂರ್ಯ ಮುಳುಗಿದ ಮೇಲಿನ ನಮಾಜ್) ನಫಿಲ್, ಅಂದರೆ ಐಚ್ಛಿಕ ನಮಾಜ್, ಇಲ್ಲ.