ಹಳೇ ಟ್ರಕ್ಕಿಗೆ ಯಾವ ಆ್ಯಕ್ಸಲ್ ರೇಶಿಯೋ? ಮೊದಲು ಲೆಕ್ಕ, ಆಮೇಲೆ ಸ್ಪ್ಯಾನರ್

ಹಳೇ ಟ್ರಕ್ ಏರಿನಲ್ಲಿ ಎಳೆಯುತ್ತಿಲ್ಲ ಎಂದರೆ ಹೆಚ್ಚಿನವರ ಕೈ ಮೊದಲು ಎಂಜಿನ್ ಕಡೆಗೇ ಹೋಗುತ್ತದೆ. ಕಾರ್ಬ್ಯುರೇಟರ್ ಬದಲಾಯಿಸುತ್ತಾರೆ, ಟ್ಯೂನಿಂಗ್ ಮಾಡಿಸುತ್ತಾರೆ, ದುಡ್ಡು ಸುರಿಯುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಹಿಂದಿನ ಆ್ಯಕ್ಸಲ್‌ನಲ್ಲಿ. ಇನ್ನು ಕೆಲವರು ಯಾರೋ ಹೇಳಿದರೆಂದು ನೇರವಾಗಿ 4.56 ರೇಶಿಯೋದ ಗೇರ್ ಸೆಟ್ ತಂದು ಕೂರಿಸುತ್ತಾರೆ. ಟ್ರೇಲರ್ ಚೆನ್ನಾಗಿ ಎಳೆಯುತ್ತದೆ ನಿಜ. ಆದರೆ ಖಾಲಿ ಓಡಿಸುವಾಗ ಎಂಜಿನ್ ಒಂದೇ ಸಮ ಕಿರುಚುತ್ತದೆ. ಹೀಗೆ ಎರಡೆರಡು ಸಲ ಹೌಸಿಂಗ್ (ಆ್ಯಕ್ಸಲ್ ಗೇರುಗಳಿರುವ ಹೊರಕವಚ) ಬಿಚ್ಚಿಸಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅರ್ಧ ಗಂಟೆ ಲೆಕ್ಕ ಹಾಕಿದ್ದರೆ ಆ ಖರ್ಚು ಉಳಿಯುತ್ತಿತ್ತು.

ರೇಶಿಯೋ ಎಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಆ್ಯಕ್ಸಲ್‌ಗೆ ಬರುವ ಉದ್ದನೆಯ ದಂಡ) ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ, ಅಷ್ಟೇ. ಆ್ಯಕ್ಸಲ್ ಒಳಗಿನ ದೊಡ್ಡ ಗೇರ್ ಕ್ರೌನ್ ವೀಲ್, ಅದನ್ನು ತಿರುಗಿಸುವ ಶಾಫ್ಟ್ ತುದಿಯ ಚಿಕ್ಕ ಗೇರ್ ಪಿನಿಯನ್. ಕ್ರೌನ್ ವೀಲ್‌ಗೆ 41 ಹಲ್ಲು, ಪಿನಿಯನ್‌ಗೆ 11 ಹಲ್ಲು ಇದ್ದರೆ 3.73. ಪಿನಿಯನ್‌ನಲ್ಲಿ ಒಂದೇ ಒಂದು ಹಲ್ಲು ಕಡಿಮೆಯಾದರೆ 4.10. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಅದೇ ವೇಗಕ್ಕೆ ಎಂಜಿನ್ ತಿರುಗುವುದೂ ಜಾಸ್ತಿ. 3.73ರಿಂದ 4.10ಕ್ಕೆ ಹೋದರೆ ಸುಮಾರು ಶೇ. 10 ವ್ಯತ್ಯಾಸ. 3.55ರಿಂದ 3.73ಕ್ಕೆ ಬರೀ ಶೇ. 5. ಇಷ್ಟಕ್ಕಾಗಿ ಹೌಸಿಂಗ್ ಬಿಚ್ಚಲೇಬೇಡಿ. ಓಡಿಸುವಾಗ ಗೊತ್ತೇ ಆಗುವುದಿಲ್ಲ.

ಈಗ ಏನಿದೆ ಎಂದು ನೋಡಿ

ಹೌಸಿಂಗ್ ಕವರ್‌ನ ಬೋಲ್ಟ್‌ನಲ್ಲಿ ಚಿಕ್ಕ ತಗಡಿನ ಟ್ಯಾಗ್ ಇರಬಹುದು, ಬಾಗಿಲ ಸ್ಟಿಕ್ಕರ್‌ನಲ್ಲಿ ಆ್ಯಕ್ಸಲ್ ಕೋಡ್ ಇರಬಹುದು. ಎರಡನ್ನೂ ನಂಬಬೇಡಿ. ಮೂವತ್ತು ನಲವತ್ತು ವರ್ಷದ ಗಾಡಿಯಲ್ಲಿ ಯಾರು ಯಾವಾಗ ಏನು ಬದಲಾಯಿಸಿದ್ದಾರೋ! ಎಣಿಸಿಯೇ ನೋಡಬೇಕು. ಜನ ಎಡವುವುದೂ ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಮುಂದಿನ ಎರಡೂ ಚಕ್ರಕ್ಕೆ, ನೆಲದಲ್ಲೇ ಉಳಿಯುವ ಹಿಂದಿನ ಚಕ್ರಕ್ಕೂ ಎರಡೂ ಕಡೆ ಗಟ್ಟಿಯಾಗಿ ಅಡೆ ಕೊಡಿ. ಆಮೇಲೆ ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಟೈರ್ ಮೇಲೊಂದು, ಪ್ರೊಪೆಲರ್ ಶಾಫ್ಟ್ ಮೇಲೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಒಬ್ಬರು ಚಕ್ರ ತಿರುಗಿಸಲಿ, ಇನ್ನೊಬ್ಬರು ಶಾಫ್ಟ್ ಎಣಿಸಲಿ.

ಇಲ್ಲೊಂದು ಸೂಕ್ಷ್ಮ ಇದೆ. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಒಂದು ಚಕ್ರ ನಿಂತೇ ಇದ್ದರೆ, ಇನ್ನೊಂದು ಎರಡು ಸುತ್ತು ಹೋದಾಗ ಕ್ರೌನ್ ವೀಲ್ ಒಂದು ಸುತ್ತು ಹೋಗುತ್ತದೆ. ಇದನ್ನು ಮರೆತು ಚಕ್ರ ಒಂದೇ ಸುತ್ತು ತಿರುಗಿಸಿ, ಶಾಫ್ಟ್ 1.8 ಸುತ್ತು ಬಂತೆಂದು ಗಾಬರಿಯಾಗುವವರಿದ್ದಾರೆ. ಎರಡು ಸುತ್ತು ತಿರುಗಿಸಿದರೂ ಸಾಲದು. 3.55ಕ್ಕೂ 3.73ಕ್ಕೂ ಇರುವ ವ್ಯತ್ಯಾಸ ಕಣ್ಣಂದಾಜಿಗೆ ಸಿಗುವುದಿಲ್ಲ. ಚಕ್ರವನ್ನು ಪೂರ್ತಿ 20 ಸುತ್ತು ತಿರುಗಿಸಿ, ಶಾಫ್ಟ್ ಸುತ್ತನ್ನು 10ರಿಂದ ಭಾಗಿಸಿ. 37 ಸುತ್ತು ಆಗಿ ಇನ್ನೂ ಸ್ವಲ್ಪ ಬಂದರೆ 3.73. ಸ್ನೇಹಿತರೊಬ್ಬರ ಗಾಡಿಯ ಟ್ಯಾಗ್‌ನಲ್ಲಿ 3.73 ಎಂದೇ ಇತ್ತು. ಎಣಿಸಿದರೆ ಶಾಫ್ಟ್ 31 ಸುತ್ತು ಮುಟ್ಟುವ ಮೊದಲೇ ನಿಂತಿತು. ಅಂದರೆ ಒಳಗಿದ್ದದ್ದು 3.08! ಏರಿನಲ್ಲಿ ಗಾಡಿ ಯಾಕೆ ಸುಸ್ತಾಗುತ್ತಿತ್ತು ಎಂದು ಆವತ್ತು ಗೊತ್ತಾಯಿತು.

ಒಂದು ಚಕ್ರ ಎತ್ತಿದರೂ ತಿರುಗುವುದೇ ಇಲ್ಲವೆಂದರೆ ಎರಡು ಚಕ್ರವನ್ನೂ ಒಟ್ಟಿಗೆ ಹಿಡಿದಿಡುವ ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ ಇರಬಹುದು. ಬಲವಂತ ಮಾಡಬೇಡಿ. ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಎರಡೂ ಒಟ್ಟಿಗೆ 10 ಸುತ್ತು ತಿರುಗಿಸಿ ಎಣಿಸಿ.

ಟೈರ್ ಅಳೆಯಿರಿ

ಟೈರ್ ಮೇಲೆ ಬರೆದ ಸೈಜ್ ಸಾಲದು, ಭಾರಕ್ಕೆ ಟೈರ್ ಕುಗ್ಗುತ್ತದೆ. ಗಾಳಿ ಸರಿಯಾಗಿ ತುಂಬಿಸಿ, ಟೈರ್‌ಗೂ ನೆಲಕ್ಕೂ ಗುರುತು ಹಾಕಿ, ಗಾಡಿಯನ್ನು ಚಕ್ರದ ಎರಡು ಸುತ್ತಿನಷ್ಟು ಮುಂದೆ ತಳ್ಳಿ ಟೇಪ್ ಹಿಡಿಯಿರಿ. 4.8 ಮೀಟರ್ ಬಂದರೆ ಒಂದು ಸುತ್ತಿಗೆ 2.4 ಮೀಟರ್.

ದೊಡ್ಡ ಟೈರ್ ಹಾಕಿ ಚಂದ ನೋಡುವವರಿಗೆ ಒಂದು ಮಾತು. 31 ಇಂಚಿನ ಟೈರ್ ತೆಗೆದು 33 ಇಂಚಿನದು ಹಾಕಿದರೆ ನಿಮ್ಮ 3.73 ರಸ್ತೆಯಲ್ಲಿ 3.50ರಂತೆ ನಡೆದುಕೊಳ್ಳುತ್ತದೆ. ಭಾರ ಎಳೆಯುವ ಗಾಡಿಗೆ ಟೈರ್ ಚಿಕ್ಕದಿದ್ದಷ್ಟೂ ಒಳ್ಳೆಯದು.

ಈಗ ನಿಜವಾದ ಲೆಕ್ಕ

ವೇಗವನ್ನು ಕಿಲೋಮೀಟರ್‌ನಲ್ಲಿ ತೆಗೆದುಕೊಂಡು 16.67ರಿಂದ ಗುಣಿಸಿ, ಟೈರ್ ಸುತ್ತಳತೆಯಿಂದ ಭಾಗಿಸಿ. ಬಂದದ್ದನ್ನು ಆ್ಯಕ್ಸಲ್ ರೇಶಿಯೋದಿಂದಲೂ, ನೀವು ಓಡಿಸುವ ಗೇರಿನ ರೇಶಿಯೋದಿಂದಲೂ ಗುಣಿಸಿದರೆ ಎಂಜಿನ್ ಆರ್‌ಪಿಎಂ ಸಿಗುತ್ತದೆ. ಹಳೇ ಗೇರ್‌ಬಾಕ್ಸ್‌ಗಳಲ್ಲಿ ಟಾಪ್ ಗೇರ್ ಹೆಚ್ಚಾಗಿ 1.00. ಮೇಲೆ ಅಳೆದ 2.4 ಮೀಟರ್ ಸುತ್ತಳತೆಯ ಟೈರಿನಲ್ಲಿ 80 ಕಿ.ಮೀ. ವೇಗಕ್ಕೆ 3.08 ಇದ್ದರೆ ಸುಮಾರು 1,710, 3.73ಕ್ಕೆ 2,070, 4.10ಕ್ಕೆ 2,280, 4.56ಕ್ಕೆ 2,530.

ಇದರಲ್ಲಿ ಯಾವುದು ಬೇಕು? ಉತ್ತರ ನಿಮ್ಮ ಎಂಜಿನ್ ಮ್ಯಾನುಯಲ್‌ನಲ್ಲಿದೆ. ಗರಿಷ್ಠ ಟಾರ್ಕ್ (ಎಂಜಿನ್‌ನ ತಿರುಗಿಸುವ ಬಲ) ಎಷ್ಟು ಆರ್‌ಪಿಎಂನಲ್ಲಿ ಬರುತ್ತದೆ ನೋಡಿ. 2,200 ಎಂದುಕೊಳ್ಳೋಣ. 2,280ರಲ್ಲಿ ಓಡುತ್ತಿರುವ ಎಂಜಿನ್‌ಗೆ ಏರು ಸಿಕ್ಕಿತು, ವೇಗ ತುಸು ಇಳಿಯಿತು. ಆರ್‌ಪಿಎಂ ಇಳಿದಂತೆ ಅದು 2,200ರ ಹತ್ತಿರ ಬರುತ್ತದೆ, ಟಾರ್ಕ್ ಏರುತ್ತದೆ, ಎಂಜಿನ್ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಅದೇ 1,710ರಲ್ಲಿ ಇದ್ದರೆ? ಆರ್‌ಪಿಎಂ ಇಳಿದಂತೆ ಟಾರ್ಕ್ ಕೂಡ ಇಳಿಯುತ್ತದೆ. ಆಕ್ಸಲರೇಟರ್ ಪೂರ್ತಿ ಒತ್ತಿದರೂ ಗಾಡಿ ಕುಸಿಯುತ್ತಲೇ ಹೋಗುತ್ತದೆ, ಕೊನೆಗೆ ಗೇರ್ ಇಳಿಸಲೇಬೇಕು. ಹಾಗಾಗಿ ಭಾರ ಕಟ್ಟಿಕೊಂಡು ನೀವು ದಿನಾ ಓಡಿಸುವ ವೇಗದಲ್ಲಿ, ಓಡಿಸುವ ಗೇರಿನಲ್ಲಿ, ಎಂಜಿನ್ ಗರಿಷ್ಠ ಟಾರ್ಕ್‌ಗಿಂತ ಸ್ವಲ್ಪವೇ ಮೇಲಿರಬೇಕು. ನಾನು ಆರಿಸುವುದು ಹೀಗೆಯೇ.

ಆಮೇಲೆ ಖಾಲಿ ಗಾಡಿಗೂ ಅದೇ ಲೆಕ್ಕ ಹಾಕಿ. 4.10ರಲ್ಲಿ 100 ಕಿ.ಮೀ.ಗೆ ಸುಮಾರು 2,850 ಆಗುತ್ತದೆ. ಪೆಟ್ರೋಲ್ ಎಂಜಿನ್ ತಡೆಯಬಹುದು. ಹಳೇ ಡೀಸೆಲ್ ಗವರ್ನರ್ (ಎಂಜಿನ್ ಅತಿಯಾಗಿ ತಿರುಗದಂತೆ ತಡೆಯುವ ಸಾಧನ) ಮಿತಿಯ ಹತ್ತಿರ ಬರಬಹುದು, ನೋಡಿಕೊಳ್ಳಿ. 0.70ರ ಓವರ್‌ಡ್ರೈವ್ (1.00ಕ್ಕಿಂತ ಕಡಿಮೆ ರೇಶಿಯೋದ ಗೇರ್) ಇದ್ದರೆ ಅದೇ ವೇಗಕ್ಕೆ 2,000 ಸಾಕು. ಅದಕ್ಕೇ ಓವರ್‌ಡ್ರೈವ್ ಇರುವವರು ಧೈರ್ಯವಾಗಿ 4.10 ಹಾಕಿಸಿ. ಆದರೆ ಭಾರ ಇರುವಾಗ ಓವರ್‌ಡ್ರೈವ್ ಆಫ್ ಇರಲಿ. ಆಟೋಮ್ಯಾಟಿಕ್ ಆದರೆ ಗೇರ್ ಮೇಲೆ ಕೆಳಗೆ ಆಡುತ್ತಾ ಆಯಿಲ್ ಬಿಸಿಯಾಗಿ ಗೇರ್‌ಬಾಕ್ಸೇ ಹೋಗುತ್ತದೆ.

ಹೆಚ್ಚಾಗಿ ಖಾಲಿ ಓಡಾಡಿ, ವರ್ಷಕ್ಕೆರಡು ಸಲ ಟ್ರೇಲರ್ ಕಟ್ಟುವವರು ಸುಮ್ನೆ ಇರುವುದನ್ನೇ ಇಟ್ಟುಕೊಳ್ಳಿ. ಆ ಎರಡು ದಿನ ಒಂದು ಗೇರ್ ಕೆಳಗೆ ಓಡಿಸಿದರಾಯಿತು. ಇನ್ನೊಂದು ನೆನಪಿರಲಿ: ಆ್ಯಕ್ಸಲ್‌ನ ಗೇರ್ ಸೆಟ್ ಬದಲಾಯಿಸಿದ ಮಾತ್ರಕ್ಕೆ ಬ್ರೇಕ್, ಫ್ರೇಮ್, ರೇಡಿಯೇಟರ್ ಬದಲಾಗುವುದಿಲ್ಲ. ಕಂಪನಿ ಹೇಳಿದ ಎಳೆಯುವ ತೂಕದ ಮಿತಿ ಹಾಗೇ ಇರುತ್ತದೆ.

ಸಾಮಾನು ತರುವಾಗ

ಫೋರ್ ವೀಲ್ ಡ್ರೈವ್ ಆದರೆ ಮುಂದೆ ಹಿಂದೆ ಎರಡೂ ಬದಲಾಗಬೇಕು. ಒಂದಕ್ಕೆ 4.10, ಇನ್ನೊಂದಕ್ಕೆ 4.09 ಇದ್ದರೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬೇಡ. ಕ್ರೌನ್ ವೀಲ್ ಕೂರುವ ಕ್ಯಾರಿಯರ್ ಕೂಡ ಹೊಂದಬೇಕು. ಡಾನಾ 44 ಎಂಬ ಮಾದರಿಯ ಆ್ಯಕ್ಸಲ್‌ನಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲಕ್ಕೆ ಬೇರೆ. ಕೇಳದೆ ಸೆಟ್ ಕೊಂಡರೆ ಕೂರುವುದೇ ಇಲ್ಲ.

ಒಂದು ಗಾಡಿಯ ಕ್ರೌನ್ ವೀಲ್‌ಗೆ ಇನ್ನೊಂದು ಗಾಡಿಯ ಪಿನಿಯನ್ ಜೋಡಿಸುವ ಅಡ್ಡದಾರಿ ಖಂಡಿತ ಬೇಡ. ಅವೆರಡನ್ನೂ ಜೋಡಿಯಾಗಿಯೇ ಉಜ್ಜಿ ತಯಾರಿಸಿರುತ್ತಾರೆ. ಅಗ್ಗದ ಹೆಸರಿಲ್ಲದ ಸೆಟ್‌ಗಳೂ ಬೇಡ, ಎಷ್ಟೇ ಚೆನ್ನಾಗಿ ಕೂರಿಸಿದರೂ ಕುಯ್ ಎನ್ನುತ್ತಲೇ ಇರುತ್ತವೆ. ಪಿನಿಯನ್‌ನ ಕ್ರಷ್ ಸ್ಲೀವ್ (ಬಿಗಿ ಮಾಡುವಾಗ ಕುಗ್ಗಿ ಬೇರಿಂಗ್ ಬಿಗಿ ಹೊಂದಿಸುವ ಕೊಳವೆ) ಇದ್ದರೆ ಅದು ಹೊಸದೇ ಆಗಬೇಕು. ಹಲ್ಲಿಗೆ ಬಣ್ಣ ಹಚ್ಚಿ, ಹಲ್ಲುಗಳು ಎಲ್ಲಿ ತಾಗುತ್ತವೆ ಎಂಬ ಗುರುತು ನೋಡದೆ ಕವರ್ ಮುಚ್ಚುವ ಮೆಕ್ಯಾನಿಕ್ ಕೈಗೆ ಕೆಲಸ ಕೊಡಬೇಡಿ. ಸ್ಪೀಡೋಮೀಟರ್ ಗೇರ್ ಕೂಡ ಅದೇ ದಿನ ಬದಲಾಯಿಸಿಬಿಡಿ.

ಮೊದಲ ದಿನ 20 ನಿಮಿಷ ನಿಧಾನಕ್ಕೆ ಓಡಿಸಿ, ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿ. ಮೊದಲ 800 ಕಿ.ಮೀ. ಟ್ರೇಲರ್ ಕಟ್ಟಲೇಬೇಡಿ. ಆಮೇಲೆ ಆಯಿಲ್ ಇಳಿಸಿ, ಒಳಗಿನ ಮ್ಯಾಗ್ನೆಟ್ ಒರೆಸಿ ನೋಡಿ. ಬೆರಳಿಗೆ ನುಣ್ಣನೆಯ ಬೂದು ಪೇಸ್ಟ್ ಅಂಟಿದರೆ ಸರಿಯಾಗಿದೆ. ಲೋಹದ ಚೂರು ಸಿಕ್ಕರೆ ಗಾಡಿ ಹೊರಡಿಸಬೇಡಿ, ಕೂರಿಸಿದವರನ್ನೇ ಕರೆಸಿ ಕವರ್ ತೆಗೆಸಿ.