ಮೊದಲು ಕಾಲು ತೊಳೆಸಿ: ಹಳ್ಳಿಗಳಲ್ಲಿ ಚರ್ಮದ ಕ್ಯಾನ್ಸರ್ ತಪಾಸಣೆ, ನಮ್ಮ ಅನುಭವ

ನಮ್ಮ ಮೈಬಣ್ಣದವರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಅಡಗಿರುವುದು ಬಿಸಿಲು ತಾಗುವ ಮುಖದಲ್ಲಲ್ಲ. ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ. ಹಾಗಾಗಿ ಗದಗ, ಹಾವೇರಿ ಕಡೆಯ ಹಳ್ಳಿಗಳಿಗೆ ಹೋದಾಗ ನಾವು ಮೊದಲು ಹೊಂದಿಸುವುದು ಎರಡು ಬಕೆಟ್ ನೀರು, ಸಾಬೂನು, ಮೆತ್ತನೆಯ ಬ್ರಷ್. ಹಿಮ್ಮಡಿಯ ಬಿರುಕಿನಲ್ಲಿ ಎರೆಮಣ್ಣು ಕೂತಿದ್ದರೆ ಕಪ್ಪು ಮಚ್ಚೆ ಕಾಣುವುದೇ ಇಲ್ಲ. ಸೋಮವಾರ ಎತ್ತು ಹೂಡದ ಊರುಗಳಲ್ಲಿ ಅಂದೇ ಹೋಗುತ್ತೇವೆ, ಹಗಲು ಬೆಳಕಿನಲ್ಲೇ ನೋಡುತ್ತೇವೆ. ನಾಗರ ಪಂಚಮಿಯ ಆಸುಪಾಸು ಬೇಡ, ಮದರಂಗಿ ಉಗುರನ್ನು ಮುಚ್ಚಿರುತ್ತದೆ.

ಹಲವು ಉಗುರುಗಳಲ್ಲಿ ತೆಳು ಕಪ್ಪು ಗೆರೆ ಇದ್ದರೆ ಅದು ಬಹುತೇಕ ಮೈಬಣ್ಣದ್ದೇ. ಒಂದೇ ಉಗುರಿನ ಪಟ್ಟಿ ಅಗಲವಾಗುತ್ತಿದ್ದರೆ, ಬಣ್ಣ ಪಕ್ಕದ ಚರ್ಮಕ್ಕೂ ಹಬ್ಬಿದ್ದರೆ ಅಂದೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುತ್ತೇವೆ. ಅಂಗಾಲಿನ ಮಚ್ಚೆಗೆ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯುತ್ತೇವೆ: 6 ಮಿಲಿಮೀಟರ್ ದಾಟಿದ್ದು, ಅಂಚು ಅಂಕುಡೊಂಕಾದದ್ದು, ಎರಡು ಮೂರು ಬಣ್ಣದ್ದು, ಇತ್ತೀಚೆಗೆ ಬದಲಾದದ್ದು ತಜ್ಞರ ಕಣ್ಣಿಗೆ ಬೀಳಲೇಬೇಕು. ಕಾಲಿನಿಂದ ಮೇಲಕ್ಕೆ ಹಬ್ಬಿದೆಯೇ ಎಂದು ತಿಳಿಯಲು ತೊಡೆಸಂದಿಯಲ್ಲಿ ಗಂಟಿದೆಯೇ ಎಂದೂ ಮುಟ್ಟಿ ನೋಡಬೇಕು. ಆಣಿ ಎಂದುಕೊಂಡು ಬ್ಲೇಡಿನಿಂದ ಕೆತ್ತಿಸಿಕೊಳ್ಳುವುದರಿಂದಲೇ ಎಷ್ಟೋ ತಿಂಗಳು ಹಾಳಾಗುತ್ತವೆ.

ಎರಡನೆಯ ಜಾಗ ಸೊಂಟ. ಪರಕಾರದ ಲಾಡಿ, ಧೋತರದ ಬಿಗಿ ಒಂದೇ ಕಡೆ ವರ್ಷಗಟ್ಟಲೆ ತಿಕ್ಕಿದರೆ ಚರ್ಮ ಕಪ್ಪಾಗಿ ದಡ್ಡುಗಟ್ಟುತ್ತದೆ. ಅಪರೂಪಕ್ಕೆ ಅಲ್ಲೇ ಕ್ಯಾನ್ಸರ್ ಹುಣ್ಣೂ ಏಳುತ್ತದೆ. "ಕ್ಯಾನ್ಸರ್ ಐತೇನು" ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಪರದೆಯ ಹಿಂದೆ ಆಶಾ ಕಾರ್ಯಕರ್ತೆ "ಯವ್ವಾ, ಲಾಡಿ ಕಟ್ಟೂ ಜಾಗಾ ಕಡೀತೈತೇನು?" ಎಂದು ಕೇಳಿದರೆ ತೋರಿಸುತ್ತಾರೆ. ಲಾಡಿಯ ಬದಲು ಎರಡು ಬೆರಳು ಅಗಲದ ಪಟ್ಟಿ ಹೊಲಿಸಿಕೊಂಡು ಸಡಿಲವಾಗಿ ಕಟ್ಟಿದರೆ ತಿಕ್ಕಾಟ ಕಡಿಮೆಯಾಗುತ್ತದೆ.

ಹಳೆಯ ಸುಟ್ಟ ಕಲೆಯ ಮೇಲಿನ ಹುಣ್ಣೂ ಕ್ಯಾನ್ಸರ್ ಆಗಿರಬಹುದು; 6 ವಾರವಾದರೂ ಮಾಯದಿದ್ದರೆ ಅರಿಶಿನ, ಮುಲಾಮು ಸಾಕು ಮಾಡಿ, ಆಸ್ಪತ್ರೆಗೆ ತೋರಿಸಿ. ಅಂಚು ದಪ್ಪಗಾಗಿ ಹೊರಕ್ಕೆ ಮಗುಚಿದ್ದರೆ ಇನ್ನೂ ಅವಸರ. ನೋವಿಲ್ಲ ಎಂಬುದನ್ನು ನಂಬಿ ಕೂರಬಾರದು. ಬಯಾಪ್ಸಿಗೆ, ಅಂದರೆ ಲ್ಯಾಬಿನ ಪರೀಕ್ಷೆಗೆ, ತೆಗೆಯುವ ತುಣುಕು ಹುಣ್ಣಿನ ಅಂಚಿನದಾಗಿರಬೇಕು; ನಡುವಿನ ಸತ್ತ ಮಾಂಸ ಕಳಿಸಿದರೆ ವರದಿಯಲ್ಲಿ ಏನೂ ಸಿಗದೇ ಹೋಗಬಹುದು. ಹಾಗೆ ಬಂದರೂ ಹುಣ್ಣು ಉಳಿದಿದ್ದರೆ ಮತ್ತೆ ತುಣುಕು ತೆಗೆಸಬೇಕು.

ನಮ್ಮ ಕೆಲಸ ಹೆಚ್ಚು ಸೋಲುವುದು ಚೀಟಿ ಕೊಟ್ಟ ಮೇಲೆ. "ಚಾಕು ಮುಟ್ಟಿಸಿದರೆ ಹಬ್ಬತೈತಿ" ಎಂಬ ಹೆದರಿಕೆ ಮನೆಯ ಹಿರಿಯರಲ್ಲಿರುತ್ತದೆ. ಅವರನ್ನೂ ಕೂರಿಸಿಕೊಂಡು, ಹಬ್ಬುವುದು ಚಾಕುವಿನಿಂದಲ್ಲ, ತಡದಿಂದ ಎಂದು ಹೇಳುತ್ತೇವೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ದಿನ, ಜೊತೆಗೆ ಬರುವವರ ಹೆಸರು, ಒಯ್ಯಬೇಕಾದ ಆಧಾರ್, ರೇಷನ್ ಕಾರ್ಡು ಎಲ್ಲವನ್ನೂ ಚೀಟಿಯ ಹಿಂದೆ ಬರೆಯುತ್ತೇವೆ. 7ನೇ ದಿನ ಫೋನು, ಹೋಗಿಲ್ಲವೆಂದರೆ ಮರುದಿನ ಮನೆ ಬಾಗಿಲಿಗೆ.